ದಿಲ್ಲಿ ತೋರಿಸುವವರಿಗೆ ಪಾಠ ಹೇಳಿದ್ದು

ಕಳೆದ ಚಳಿಗಾಲದ ಒಂದು ಭಾನುವಾರ ಇಂದಿರಾಪುರಂನ ನಮ್ಮ ಸೊಸೈಟಿಯ ಮೂವರು ಕನ್ನಡದ ಮಕ್ಕಳು ಮನೆಗೆ ಬಂದಿದ್ದರು. ಮಕ್ಕಳೆಂದರೆ ಇಪ್ಪತ್ತೈದು ದಾಟಿದವರೇ. ನೋಯ್ಡಾದ ಕಂಪನಿಗಳಲ್ಲಿ ಕೆಲಸ ಮಾಡುವವರು. ರಜೆಯ ದಿನ ಒಂದಷ್ಟು ಜನರನ್ನು ಕರೆದುಕೊಂಡು ಹೋಗಿ ದಿಲ್ಲಿಯ ಹಳೆಯ ಕಟ್ಟಡಗಳನ್ನು ತೋರಿಸಬೇಕೆಂಬ ಆಸೆ ಅವರಿಗೆ. ನಾನು ಗೈಡ್ ಆಗಿದ್ದವಳು, ಆಮೇಲೆ ಗೈಡ್‌ಗಳಿಗೇ ತರಬೇತಿ ಕೊಡುತ್ತಿದ್ದವಳು ಎಂದು ಯಾರೋ ಹೇಳಿದ್ದರಂತೆ. "ಆಂಟಿ, ನಿಮ್ಮ ಹತ್ರ ಸ್ಕ್ರಿಪ್ಟ್ ಇರುತ್ತಲ್ವಾ? ಅದನ್ನು ಕೊಟ್ರೆ ಸಾಕು, ನಾವು ಬಾಯಿಪಾಠ ಮಾಡ್ಕೋತೀವಿ" ಎಂದಳು ಅವರಲ್ಲೊಬ್ಬಳು.

ಕಾಫಿ ಕೊಟ್ಟೆ, ಸ್ಕ್ರಿಪ್ಟ್ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಇರಲೂ ಇಲ್ಲ. ಬದಲಿಗೆ ಒಂದೆರಡು ಪ್ರಸಂಗ ಹೇಳಿದೆ. ಅವರು ಕತ್ತಲಾಗುವವರೆಗೂ ಕೂತು ಕೇಳಿದರು. ಹೋಗುವಾಗ, ಇದನ್ನೆಲ್ಲ ಬರೆದಿಡಿ ಎಂದರು. ಹಾಗಾಗಿ ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾವ ಹುದ್ದೆಯಿಂದ ನಿವೃತ್ತಳಾದೆ ಎಂಬುದು ಈ ಕೆಲಸಕ್ಕೆ ಬರುವವರಿಗೆ ಯಾವ ಉಪಯೋಗಕ್ಕೂ ಬಾರದು. ಅದನ್ನು ಬಿಟ್ಟುಬಿಡುತ್ತೇನೆ.

ಕರೋಲ್ ಬಾಗ್‌ನಲ್ಲಿ ಅಪ್ಪನದೊಂದು ಸಣ್ಣ ಹೋಟೆಲ್ ಇತ್ತು. ಕುಂದಾಪುರದ ಕಡೆಯಿಂದ ಬಂದು ದಿಲ್ಲಿಯಲ್ಲಿ ಇಡ್ಲಿ ದೋಸೆ ಮಾರಿ ನಮ್ಮನ್ನು ಓದಿಸಿದವರು ಅವರು. ಕಾಲೇಜಿನ ರಜೆಯಲ್ಲಿ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಬೆನ್ನಿಗೆ ದೊಡ್ಡ ಚೀಲ ಹೊತ್ತ ವಿದೇಶಿಯರು ಬಂದು ದೋಸೆ ತಿಂದು, ಕುತುಬ್‌ಗೆ ಹೇಗೆ ಹೋಗುವುದು, ಪುರಾನಾ ಕಿಲಾ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದೆಲ್ಲ ಕೇಳುತ್ತಿದ್ದರು. ಹೇಳಿ ಹೇಳಿ ಅದೇ ಅಭ್ಯಾಸವಾಯಿತು. ಮುಂದೆ ಪರೀಕ್ಷೆ ಬರೆದು ಗೈಡ್ ಬ್ಯಾಡ್ಜ್ ಪಡೆದೆ. ಹನ್ನೊಂದು ವರ್ಷ ಬಿಸಿಲಲ್ಲಿ ತಿರುಗಿದ ಮೇಲೆ ಒಂದು ತರಬೇತಿ ಕೇಂದ್ರ ನನ್ನನ್ನು ಪಾಠ ಹೇಳಲು ಕರೆಯಿತು.

ಆ ಹನ್ನೊಂದು ವರ್ಷದ ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಕಡೆಯಿಂದ ಒಂದು ಬಸ್ಸಿನಷ್ಟು ಜನ ಯಾತ್ರೆಗೆ ಬಂದಿದ್ದರು. ಕುತುಬ್ ಮಿನಾರಿನ ಬುಡದಲ್ಲಿ ನಾನು ಸುಲ್ತಾನರ ಹೆಸರುಗಳನ್ನು ಒಂದರ ಹಿಂದೆ ಒಂದು ಹೇಳುತ್ತಿದ್ದಾಗ, ಮುಂದೆಯೇ ನಿಂತಿದ್ದ ಅಜ್ಜಿಯೊಬ್ಬರು, ಇಷ್ಟೆಲ್ಲ ಕಟ್ಟಿದ ಆಳುಗಳಿಗೆ ಅಡುಗೆ ಎಲ್ಲಿ ಮಾಡುತ್ತಿದ್ದರಮ್ಮ ಎಂದು ಕೇಳಿದರು. ಜನ ನಕ್ಕರು. ನಾನೂ ನಕ್ಕು, ಅಜ್ಜಿ, ಅದೆಲ್ಲ ಇತಿಹಾಸದಲ್ಲಿ ಬರುವುದಿಲ್ಲ ಎಂದು ಮುಂದೆ ಹೋದೆ. ಆ ಅಜ್ಜಿ ಆಮೇಲೆ ಇಡೀ ದಿನ ಒಂದೂ ಪ್ರಶ್ನೆ ಕೇಳಲಿಲ್ಲ. ಬಸ್ಸಿನ ಕಿಟಕಿಯಿಂದ ಹೊರಗೂ ನೋಡಲಿಲ್ಲ. ಒಬ್ಬ ಅತಿಥಿಯ ಕುತೂಹಲವನ್ನು ನಾನು ಒಂದೇ ಮಾತಿನಲ್ಲಿ ಆರಿಸಿದ್ದೆ. ಅದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು.

ತರಬೇತಿ ಕೇಂದ್ರದ ಮುಖ್ಯಸ್ಥರು ಸಕ್ಸೇನಾ ಸರ್. ತೆಳ್ಳಗಿನ ಮನುಷ್ಯ, ಯಾವ ಋತುವಿನಲ್ಲೂ ಕಾಲಿಗೆ ಕ್ಯಾನ್ವಾಸ್ ಬೂಟು. ಅವರಷ್ಟು ಒಳ್ಳೆಯ ಮೇಲಧಿಕಾರಿಯನ್ನು ನಾನು ಮತ್ತೆ ಕಾಣಲಿಲ್ಲ. ಮೊದಲ ದಿನ ನಾನು ನಲವತ್ತು ಪುಟದ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಅವರು ಪುಟ ತಿರುವಿ ನೋಡಿ, ಅಕ್ಷರ ಚೆನ್ನಾಗಿದೆ ಎಂದು ಹೊಗಳಿದರು. ಆಮೇಲೆ ಕೇಳಿದರು: "ವಸಂತಿ ಜೀ, ಇದರಲ್ಲಿ ನೀವು ಕಣ್ಣಾರೆ ನೋಡಿದ್ದು ಎಷ್ಟು?"

ಅವರು ಟಿಪ್ಪಣಿಯನ್ನು ನನ್ನ ಕೈಗೇ ಕೊಟ್ಟು, ನಾಳೆ ಇದನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದರು. ಮಾರನೆಯ ದಿನ ಇಪ್ಪತ್ತು ಜನ ಹೊಸಬರನ್ನು ಲೋದಿ ಗಾರ್ಡನ್ನಿನ ಒಂದು ಗುಮ್ಮಟದ ಮುಂದೆ ಒಂದು ತಾಸು ಸುಮ್ಮನೆ ನಿಲ್ಲಿಸಿದರು. ಮಾತಾಡುವಂತಿಲ್ಲ, ಬರೆದುಕೊಳ್ಳುವಂತಿಲ್ಲ. ತಾಸು ಮುಗಿದ ಮೇಲೆ ಒಬ್ಬೊಬ್ಬರೂ ಮೂರು ಪ್ರಶ್ನೆ ಕೇಳಬೇಕು, ಉತ್ತರ ಯಾರೂ ಹೇಳಕೂಡದು. ಆ ಪ್ರಶ್ನೆಗಳನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ವರ್ಷದ ಪಾಠವೆಲ್ಲ ಆ ನೋಟ್‌ಬುಕ್ಕಿನಿಂದಲೇ ಹುಟ್ಟುತ್ತಿತ್ತು.

ಸಣ್ಣ ಸಣ್ಣ ಸಂಗತಿಗಳನ್ನು ಅವರು ಬಹಳ ಗಂಭೀರವಾಗಿ ಕಲಿಸುತ್ತಿದ್ದರು. ಬಿಸಿಲನ್ನು ನಿಮ್ಮ ಮುಖಕ್ಕೆ ತೆಗೆದುಕೊಳ್ಳಿ, ಅತಿಥಿಯ ಬೆನ್ನಿಗೆ ಕೊಡಿ. ಮೊದಲು ಶೌಚಾಲಯ ಎಲ್ಲಿದೆ ಎಂದು ತೋರಿಸಿ, ಆಮೇಲೆ ಸುಲ್ತಾನರನ್ನು ತೋರಿಸಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರೇ ನಿಮ್ಮ ಗಡಿಯಾರ. ಇವನ್ನೆಲ್ಲ ಆ ಮೂವರು ಮಕ್ಕಳಿಗೂ ಹೇಳಿದೆ. ಅವರು ಫೋನಿನಲ್ಲಿ ಟೈಪ್ ಮಾಡಿಕೊಂಡರು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಮೆಹ್ರೋಲಿಯ ಹಳೆಯ ಕಟ್ಟಡಗಳ ನಡುವೆ, ಗಿಡಗಂಟಿಯ ಪಕ್ಕದಲ್ಲಿ ಒಂದು ಚಿಕ್ಕ ಸಮಾಧಿ ಮಂದಿರವಿದೆ. ಯಾರದೆಂದು ಗೊತ್ತಿಲ್ಲ, ಫಲಕವೂ ಇಲ್ಲ. ಅದರ ಹೊರಗೋಡೆಯಲ್ಲಿ ಅಂಗೈ ಹೋಗುವಷ್ಟು ಅಗಲದ ತೂತುಗಳಿವೆ. ನಾನು ಹೊಸದಾಗಿ ಗೈಡ್ ಆದಾಗ ಒಬ್ಬ ಹಿರಿಯ ಗೈಡ್ ಅವು ತೋಪಿನ ಗುಂಡು ಬಿದ್ದ ಗುರುತುಗಳು ಎಂದು ಹೇಳಿಕೊಟ್ಟಿದ್ದರು. ನಾನು ಅದನ್ನು ಬೆಳೆಸಿದೆ. ಬೆಳಗಿನ ಜಾವದ ಮುತ್ತಿಗೆ, ಹೊಗೆ, ಒಳಗೆ ಅಡಗಿದ ಜನ. ಅತಿಥಿಗಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ತೂತಿನೊಳಗೆ ಬೆರಳಿಟ್ಟು ನೋಡುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ತರಬೇತಿಗೆ ಬಂದ ಮೇಲೂ ಪ್ರತಿ ತಂಡವನ್ನೂ ಅಲ್ಲಿಗೆ ಕರೆದೊಯ್ದು ಅದೇ ಕತೆ ಹೇಳುತ್ತಿದ್ದೆ. ಕತೆ ಹೇಳುವುದು ಹೇಗೆ ಎಂಬುದಕ್ಕೆ ಅದು ನನ್ನ ಮಾದರಿ ಪಾಠವಾಗಿತ್ತು.

ಒಂದು ವರ್ಷದ ತಂಡದಲ್ಲಿ ಶಬ್ನಮ್ ಎಂಬ ಹುಡುಗಿ ಇದ್ದಳು. ಮೆಹ್ರೋಲಿಯವಳೇ. ಹನ್ನೆರಡನೆಯ ಕ್ಲಾಸು ಮುಗಿಸಿದ್ದಳು, ತಂದೆ ಗಾರೆ ಕೆಲಸದ ಮಿಸ್ತ್ರಿ. ಇಂಗ್ಲಿಷ್ ಅಷ್ಟಕ್ಕಷ್ಟೆ. ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು, ಕೇಳಿದಾಗ ಮಾತ್ರ ಉತ್ತರ ಕೊಡುತ್ತಿದ್ದಳು. ಆ ದಿನ ನಾನು ತೋಪಿನ ಕತೆ ಹೇಳಿ ಮುಗಿಸಿದಾಗ ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಇವಳು ಮಾತ್ರ ಗೋಡೆಯನ್ನೇ ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದಳು. ಪ್ರಶ್ನೆ ಕೇಳುವ ಸಮಯ ಬಂದಾಗ ಕೈ ಎತ್ತಿದಳು.

"ಮೇಡಂ, ತೋಪಿನ ಗುಂಡುಗಳು ಒಂದೇ ಸಾಲಲ್ಲಿ, ಒಂದೇ ಅಳತೆಗೆ ಹೇಗೆ ಬೀಳ್ತವೆ?"

ಗೋಡೆಯ ಕಡೆ ತಿರುಗಿದೆ. ಹದಿನೆಂಟು ವರ್ಷ ಆ ಗೋಡೆಗೆ ಬೆನ್ನು ಹಾಕಿ ಮಾತಾಡಿದ್ದೆ; ಅದನ್ನು ನೋಡಿದ್ದು ಅವತ್ತೇ. ತೂತುಗಳು ನೆಲದಿಂದ ಆಳೆತ್ತರಕ್ಕೆ ಒಂದು ಸಾಲು, ಅದರ ಮೇಲೆ ಅಷ್ಟೇ ಎತ್ತರಕ್ಕೆ ಇನ್ನೊಂದು ಸಾಲು. ನಡುವಿನ ಅಂತರ ದಾರ ಹಿಡಿದು ಅಳೆದಂತಿತ್ತು. ಇಪ್ಪತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಳ್ಳೆಯ ಪ್ರಶ್ನೆ, ಇದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ ಎಂದು ಹೇಳಿ ಎಲ್ಲರನ್ನೂ ಮುಂದಕ್ಕೆ ಕರೆದುಕೊಂಡು ಹೋದೆ. ಯಾವ ವಿದ್ವಾಂಸರೂ ಇಲ್ಲ, ಯಾವ ಚರ್ಚೆಯೂ ಇಲ್ಲ. ಆ ಹುಡುಗಿ ವಾದ ಮಾಡಲಿಲ್ಲ. ಅಚ್ಛಾ ಎಂದು ಸುಮ್ಮನಾದಳು.

ಮಾರನೆಯ ದಿನ ಅವಳು ಬರಲಿಲ್ಲ. ನಾನು ಹೆದರಿಸಿ ಓಡಿಸಿದೆನೇನೋ ಎಂದು ಮನಸ್ಸು ಕೊರೆಯತೊಡಗಿತು. ಅದರ ಮರುದಿನ ಬೆಳಿಗ್ಗೆ ಬಂದಳು. ಜೊತೆಯಲ್ಲಿ ಬಿಳಿ ಗಡ್ಡದ ಒಬ್ಬರು. ಕೈಯ ಬೆರಳ ಸಂದಿಯಲ್ಲಿ ಸುಣ್ಣದ ಬಿಳುಪು. ಅವಳ ತಂದೆ, ಯೂನುಸ್ ಮಿಸ್ತ್ರಿ. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು. ಮಗಳ ಪರವಾಗಿ ಕ್ಷಮೆ ಕೇಳಲು ಬಂದಿದ್ದಾರೆಂದು ನಾನು ತಿಳಿದೆ. ಅವರು ಬಂದದ್ದು ಅದಕ್ಕಲ್ಲ. ಮಗಳು ಹೇಳಿದ ಗೋಡೆಯನ್ನು ಒಮ್ಮೆ ನೋಡಿ ಬರೋಣವೇ ಮೇಡಂ, ನನಗೂ ಖಾತ್ರಿಯಾಗಬೇಕು ಎಂದರು.

ನಾವು ಮೂವರೂ ನಡೆದು ಹೋದೆವು. ಯೂನುಸ್ ಮಿಸ್ತ್ರಿ ಗೋಡೆಯನ್ನು ಮುಟ್ಟಲಿಲ್ಲ. ದೂರದಲ್ಲಿ ನಿಂತು ನೋಡಿದರು, ಹತ್ತಿರ ಬಂದು ನೋಡಿದರು, ಸುತ್ತು ಹಾಕಿ ಹಿಂದಿನಿಂದ ನೋಡಿದರು. ಆಮೇಲೆ ನನ್ನನ್ನು ಕರೆದು ನಿಧಾನವಾಗಿ ಬಿಡಿಸಿ ಹೇಳಿದರು. ಗೋಡೆ ಎತ್ತರವಾದಂತೆ ಕೆಲಸದವರು ನಿಲ್ಲಲು ಮರದ ತೊಲೆ, ಬಿದಿರು ಕಟ್ಟಬೇಕು. ಅವರ ಮಾತಿನಲ್ಲಿ ಅದು ಪಾಡ್, ನಮ್ಮಲ್ಲಿ ಸಾರುವೆ ಅನ್ನುತ್ತೇವೆ. ಆ ತೊಲೆಯ ತುದಿಯನ್ನು ಗೋಡೆಯೊಳಗೇ ಸಿಕ್ಕಿಸುತ್ತಾರೆ. ಕೆಲಸ ಮುಗಿದ ಮೇಲೆ ತೊಲೆ ಎಳೆದು, ತೂತು ಮುಚ್ಚಿ, ಮೇಲೆ ಗಾರೆ ಬಳಿಯುತ್ತಾರೆ. ಇಲ್ಲಿ ಗಾರೆ ಉದುರಿದೆ, ತೂತು ಕಾಣಿಸುತ್ತಿದೆ.

"ನಾವು ಇವತ್ತಿಗೂ ಹೀಗೇ ಬಿಡ್ತೀವಿ ಮೇಡಂ. ಕೊನೆಗೆ ತುಂಬ್ತೀವಿ" ಎಂದರು. ಕೆಳಗಿನ ಸಾಲಿನಿಂದ ಮೇಲಿನ ಸಾಲಿನವರೆಗಿನ ಎತ್ತರ ತೋರಿಸಿ, "ಇಲ್ಲಿ ನಿಂತವನು ನನ್ನಷ್ಟೇ ಉದ್ದ ಇದ್ದ ಅಂತ ಕಾಣುತ್ತೆ" ಎಂದರು.

ಅಷ್ಟು ವರ್ಷ ಆ ಗೋಡೆಯ ಮುಂದೆ ಇಲ್ಲದ ಯುದ್ಧ ಹೂಡಿದ್ದೆ. ಅದನ್ನು ಕಟ್ಟಿದ ಮನುಷ್ಯನ ಕಾಲು ಎಲ್ಲಿತ್ತು, ತಲೆ ಎಲ್ಲಿತ್ತು ಎಂದು ಈ ಹಿರಿಯರು ಒಂದು ನೋಟದಲ್ಲಿ ಹೇಳಿಬಿಟ್ಟರು.

ಅದೇ ಮಧ್ಯಾಹ್ನ ಸಕ್ಸೇನಾ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. ನೀವು ಆ ಕತೆ ಹೇಳುವುದನ್ನು ನಾನೂ ಎರಡು ಸಲ ಕೇಳಿದ್ದೇನೆ, ಕೇಳಿ ಮೆಚ್ಚಿದ್ದೇನೆ, ಆದ್ದರಿಂದ ತಪ್ಪು ಇಬ್ಬರದು ಎಂದರು. ಈಗ ಏನು ಮಾಡಬೇಕೆಂದು ಕೇಳಿದೆ. ನಾಳೆ ತರಗತಿಯಲ್ಲಿ ಹೇಳಿ, ಹಳೆಯ ತಂಡಗಳವರಿಗೂ ಫೋನ್ ಮಾಡಿ ಹೇಳಿ, ಒಬ್ಬರನ್ನೂ ಬಿಡಬೇಡಿ ಎಂದರು.

ಮಾರನೆಯ ಬೆಳಿಗ್ಗೆ ಇಪ್ಪತ್ತು ಜನರ ಮುಂದೆ ನಿಂತೆ. ಅಂದು ಹೇಳಿದ್ದು ನನಗೆ ಇನ್ನೂ ಅಕ್ಷರಶಃ ನೆನಪಿದೆ. "ಮೊನ್ನೆ ನಾನು ನಿಮಗೆ ಎರಡು ಸುಳ್ಳು ಹೇಳಿದೆ. ಒಂದು ಗೊತ್ತಿಲ್ಲದೆ ಹೇಳಿದ್ದು, ತೋಪಿನದು. ಇನ್ನೊಂದು ಗೊತ್ತಿದ್ದೂ ಹೇಳಿದ್ದು, ವಿದ್ವಾಂಸರದು. ಮೊದಲನೆಯದಕ್ಕೆ ನೀವು ನನ್ನನ್ನು ಕ್ಷಮಿಸಬಹುದು." ಯಾರೂ ನಗಲಿಲ್ಲ. ಶಬ್ನಮ್ ತಲೆ ತಗ್ಗಿಸಿಕೊಂಡಿದ್ದಳು, ತಪ್ಪು ಅವಳದೇ ಎನ್ನುವ ಹಾಗೆ.

ಹಳೆಯ ತಂಡಗಳವರಿಗೆ ಫೋನ್ ಮಾಡುವ ಕೆಲಸ ಮೂರು ವಾರ ಹಿಡಿಯಿತು. ಕೆಲವರು ನಕ್ಕರು, ಕೆಲವರು ಈ ಕೆಲಸವನ್ನೇ ಬಿಟ್ಟಿದ್ದರು. ತರುಣ್ ಎಂಬವನು ಮಾತ್ರ ಒಪ್ಪಲಿಲ್ಲ. ನನ್ನ ಎರಡನೆಯ ತಂಡದವನು, ಮಾತಿನಲ್ಲಿ ನನ್ನನ್ನೂ ಮೀರಿಸಿದವನು. ವಿದೇಶಿ ಅತಿಥಿಗಳು ಅವನ ಹೆಸರು ಹೇಳಿಕೊಂಡು ಬರುತ್ತಿದ್ದರು. "ಮೇಡಂ, ಸಾರುವೆ ತೂತು ಅಂದ್ರೆ ಯಾರು ನಿಂತು ನೋಡ್ತಾರೆ? ಅತಿಥಿಗೆ ತೋಪೇ ಬೇಕು" ಎಂದ. ಸುಳ್ಳು ಬಿಡು ಎಂದು ಹೇಳುವುದು ಸುಲಭ. ಅದರ ಜಾಗದಲ್ಲಿ ಅಷ್ಟೇ ಹಿಡಿದು ನಿಲ್ಲಿಸುವಂಥದ್ದು ಏನನ್ನು ಇಡಬೇಕು ಎಂಬುದು ನನಗಿನ್ನೂ ಗೊತ್ತಿರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಶಬ್ನಮ್. ಆದರೆ ಅದಕ್ಕೆ ಮೊದಲು ಅವಳು ಪರೀಕ್ಷೆಯಲ್ಲಿ ಬಿದ್ದಳು.

ಕೊನೆಯ ಪರೀಕ್ಷೆಯಲ್ಲಿ ಒಂದು ಗುಂಪನ್ನು ಇಂಗ್ಲಿಷಿನಲ್ಲಿ ಸುತ್ತಾಡಿಸಬೇಕು. ಹೊರಗಿನಿಂದ ಬಂದ ಪರೀಕ್ಷಕರು ಜೊತೆಯಲ್ಲೇ ನಡೆಯುತ್ತಾರೆ. ಅವಳಿಗೆ ಅದೇ ಚಿಕ್ಕ ಸಮಾಧಿ ಬಂತು. ವಾಕ್ಯಗಳು ಅರ್ಧಕ್ಕೆ ನಿಂತವು, ಹಿಂದಿ ನುಸುಳಿತು. ಇದನ್ನು ಕಟ್ಟಿಸಿದವರು ಯಾರು, ಯಾವ ಇಸವಿ ಎಂದು ಪರೀಕ್ಷಕರು ಕೇಳಿದರು. ಗೊತ್ತಿಲ್ಲ ಸರ್, ಯಾರಿಗೂ ಇನ್ನೂ ಗೊತ್ತಾಗಿಲ್ಲ ಎಂದಳು. ಉತ್ತರ ಸರಿಯೇ. ಆದರೆ ಅಷ್ಟು ಹೊತ್ತಿಗೆ ಅವಳ ಧ್ವನಿ ನಡುಗುತ್ತಿತ್ತು, ಕಲಿಯದೆ ಬಂದವಳ ಹಾಗೆ ಕೇಳಿಸಿತು. ಅಂಕ ಸಾಲಲಿಲ್ಲ.

ನಾನು ಸಕ್ಸೇನಾ ಸರ್ ಹತ್ತಿರ ಹೋಗಿ ಬೇಡಿಕೊಂಡೆ. ಅವಳಿಂದ ನಾವು ಕಲಿತದ್ದು ಎಷ್ಟು, ಅದಕ್ಕೆ ಅಂಕವಿಲ್ಲವೇ ಎಂದು ಕೇಳಿದೆ. ಅವರಿಗೂ ಸಂಕಟವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. "ವಸಂತಿ ಜೀ, ನಾನು ಸೇರಿಸಿಕೊಟ್ಟ ಅಂಕದಿಂದ ಬ್ಯಾಡ್ಜ್ ಸಿಕ್ಕರೆ, ಅದನ್ನು ಕೊರಳಿಗೆ ಹಾಕಿಕೊಂಡಾಗಲೆಲ್ಲ ಅವಳಿಗೇ ಅನುಮಾನ ಬರುತ್ತೆ. ಆ ಹುಡುಗಿಗೆ ಅದು ಬೇಡ" ಎಂದರು. ಫಲಿತಾಂಶವನ್ನು ಗೋಡೆಗೆ ಅಂಟಿಸುವ ಮುಂಚೆ ತಾವೇ ಬಸ್ಸು ಹಿಡಿದು ಮೆಹ್ರೋಲಿಗೆ ಹೋಗಿ, ಅವಳ ಮನೆ ಹುಡುಕಿ, ತಂದೆತಾಯಿಯ ಮುಂದೆ ಕೂತು ವಿಷಯ ಹೇಳಿ ಬಂದರು. ಮಗಳು ಫೇಲಾದದ್ದನ್ನು ತಿಳಿಸಲು ಮನೆತನಕ ಬಂದ ಅಧಿಕಾರಿಯನ್ನು ಆ ಓಣಿಯವರು ಅದುವರೆಗೆ ಕಂಡಿರಲಿಲ್ಲವಂತೆ. ಅವರು ಎದ್ದು ಬಂದ ಮೇಲೆ ಮನೆಯಲ್ಲಿ ಮಾತುಕತೆ ನಡೆಯಿತು. ಒಂದು ಅಂಗಡಿಯಲ್ಲಿ ಪ್ಯಾಕಿಂಗ್ ಕೆಲಸ ಸಿಗುವಂತಿತ್ತು, ಅದಕ್ಕೆ ಸೇರಲಿ ಎಂದು ಮನೆಯವರು. ಯೂನುಸ್ ಮಿಸ್ತ್ರಿ, ಇನ್ನೊಂದು ವರ್ಷ ನೋಡೋಣ ಎಂದು ಹಟ ಹಿಡಿದರಂತೆ.

ಆ ಒಂದು ವರ್ಷ ಅವಳು ಪ್ರತಿ ಭಾನುವಾರ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿಗೆ ಬಂದಳು. ನನ್ನ ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು, ಆಗ ನಾವು ಅಲ್ಲೇ ಇದ್ದೆವು. ಮೊದಲು ವ್ಯಾಕರಣದ ಪುಸ್ತಕ ಹಿಡಿದು ಕೂತೆವು. ಎರಡು ತಿಂಗಳಾದರೂ ಒಂದಿಂಚು ಮುಂದೆ ಹೋಗಲಿಲ್ಲ. ಬಾಯಿ ಬಿಟ್ಟರೆ ತಪ್ಪಾದೀತೆಂಬ ಭಯದಲ್ಲಿ ಅವಳು ಬಾಯನ್ನೇ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಪುಸ್ತಕ ಮುಚ್ಚಿ, ಚಲೋ ಎಂದು ಅವಳನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಬಟ್ಟೆಯ ರಾಶಿಯ ಮುಂದೆ ಒಬ್ಬ ವಿದೇಶಿ ಹೆಂಗಸು ಒಂದು ಕುರ್ತಾ ಹಿಡಿದು, ಇದು ಕೈಯಿಂದ ಹಾಕಿದ ಕಸೂತಿಯೇ ಎಂದು ಅಂಗಡಿಯವನನ್ನು ಕೇಳುತ್ತಿದ್ದಳು. ಅಂಗಡಿ ಭಯ್ಯಾ ಎಲ್ಲದಕ್ಕೂ ಯಸ್ ಯಸ್ ಎನ್ನುತ್ತಿದ್ದ. ಶಬ್ನಮ್ ಸುಮ್ಮನಿರಲಾರದೆ ಮುಂದೆ ಹೋಗಿ, ಕುರ್ತಾ ತಿರುಗಿಸಿ, ಒಳಮಗ್ಗುಲಿನ ದಾರ ತೋರಿಸಿ, ಇದು ಯಂತ್ರ ಎಂದಳು. ಪಕ್ಕದ ಇನ್ನೊಂದನ್ನು ತಿರುಗಿಸಿ, ಇಲ್ಲಿ ಗಂಟು ನೋಡಿ, ಇದು ಕೈ ಎಂದಳು. ಅವಳ ಇಂಗ್ಲಿಷಿನಲ್ಲಿ ಕಾಲ, ವಚನ, ಒಂದೂ ನೆಟ್ಟಗಿರಲಿಲ್ಲ. ಆ ಹೆಂಗಸಿಗೆ ಪ್ರತಿಯೊಂದೂ ಅರ್ಥವಾಯಿತು. ಅರ್ಧ ಗಂಟೆ ಇಬ್ಬರೂ ಬಟ್ಟೆಗಳನ್ನು ಒಳಗು ಹೊರಗು ಮಾಡಿ ನೋಡಿದರು.

ಮನೆಗೆ ವಾಪಸು ಬರುವಾಗ ನನಗೆ ದಾರಿ ಸ್ಪಷ್ಟವಾಗಿತ್ತು. ಒಂದು ವಸ್ತುವನ್ನು ಹೇಗೆ ಮಾಡಿದ್ದಾರೆ ಎಂದು ಹೇಳುವಾಗ ಈ ಹುಡುಗಿಗೆ ಭಯವಿರುವುದಿಲ್ಲ. ಅಲ್ಲಿಂದ ಮುಂದೆ ವ್ಯಾಕರಣ ಬಿಟ್ಟು ಗೋಡೆ ಹಿಡಿದೆವು. ಪ್ರತಿ ವಾರ ಒಂದು ಕಟ್ಟಡ. ಇದನ್ನು ಹೇಗೆ ಕಟ್ಟಿದರು ಎಂದು ಅವಳು ನನಗೆ ಇಂಗ್ಲಿಷಿನಲ್ಲಿ ಹೇಳಬೇಕು, ಪದ ಸಿಗದಲ್ಲಿ ನಾನು ಪದ ಕೊಡಬೇಕು. ಹಳೆಯ ಸುಣ್ಣದ ಗಾರೆಗೂ ಆಮೇಲೆ ರಿಪೇರಿಗೆ ಮೆತ್ತಿದ ಸಿಮೆಂಟಿಗೂ ಬಣ್ಣದಲ್ಲೇ ವ್ಯತ್ಯಾಸ ಹೇಗೆ ಕಾಣುತ್ತದೆ, ಕಮಾನಿನ ನಡುಗಲ್ಲು ಎಂಬುದನ್ನು ಯಾಕೆ ಕೊನೆಗೆ ಇಡುತ್ತಾರೆ, ಉಳಿಯ ಏಟು ನೋಡಿ ಕಲ್ಲುಕುಟಿಗ ಎಡಗೈಯವನೋ ಬಲಗೈಯವನೋ ಎಂದು ಹೇಗೆ ಊಹಿಸುತ್ತಾರೆ, ಇವೆಲ್ಲ ನನಗೆ ಗೊತ್ತಾದದ್ದು ಆ ಭಾನುವಾರಗಳಲ್ಲಿ. ಅವಳಿಗೆ ತಿಳಿಯದ್ದನ್ನು ಮನೆಗೆ ಹೋಗಿ ಅಬ್ಬೂನನ್ನು ಕೇಳಿಕೊಂಡು ಬರುತ್ತಿದ್ದಳು. ಲೆಕ್ಕಕ್ಕೆ ನಾನು ಗುರು, ಅವಳು ಶಿಷ್ಯೆ. ಕಲಿತದ್ದು ಇಬ್ಬರೂ.

ಮುಂದಿನ ವರ್ಷ ಅವಳು ಮತ್ತೆ ಪರೀಕ್ಷೆಗೆ ಕೂತಳು. ಈ ಸಲ ಬಂದದ್ದು ಪುರಾನಾ ಕಿಲಾದ ಒಂದು ಹೆಬ್ಬಾಗಿಲು. ನಾನು ದೂರದಿಂದ ನೋಡುತ್ತಿದ್ದೆ. ಅವಳು ಗುಂಪಿಗೆ ಏನನ್ನೂ ಹೇಳುವ ಮೊದಲು, ಈ ಕಲ್ಲನ್ನು ಅಷ್ಟು ಮೇಲಕ್ಕೆ ನೀವಾದರೆ ಹೇಗೆ ಸಾಗಿಸುತ್ತಿದ್ದಿರಿ ಎಂದು ಕೇಳಿದಳು. ಒಬ್ಬರು ಹಗ್ಗ ಎಂದರು, ಒಬ್ಬರು ಆನೆ ಎಂದರು, ಪರೀಕ್ಷಕರು ತಾವು ಪರೀಕ್ಷಕರೆಂಬುದನ್ನು ಮರೆತು ಇಳಿಜಾರು ದಿಬ್ಬ ಇರಬಹುದು ಎಂದರು. ಅವರವರಲ್ಲೇ ಮಾತು ಬೆಳೆಯಿತು. ಅವಳು ಒಬ್ಬೊಬ್ಬರ ಮಾತಿಗೂ ಗೋಡೆಯಲ್ಲಿ ಒಂದು ಗುರುತು ತೋರಿಸುತ್ತಾ ಹೋದಳು. ಇಂಗ್ಲಿಷ್ ಈಗಲೂ ಅಲ್ಲಲ್ಲಿ ಕುಂಟಿತು. ಆದರೆ ಕುಂಟಿದ್ದು ಯಾರ ಗಮನಕ್ಕೂ ಬರಲಿಲ್ಲ. ಅವಳು ಪಾಸಾದಳು. ಆ ತಂಡದಲ್ಲಿ ಮೊದಲಿಗಳೇನೂ ಅಲ್ಲ, ಆರನೆಯವಳೋ ಏಳನೆಯವಳೋ.

ಇದಾದ ಮೇಲೆ ನಮ್ಮ ಪಾಠದ ಕ್ರಮವನ್ನೇ ಬದಲಾಯಿಸಿದೆವು. ಪ್ರತಿ ತಂಡಕ್ಕೂ ಒಂದು ದಿನ ಯೂನುಸ್ ಮಿಸ್ತ್ರಿಯವರ ಪಾಠ ಇರಬೇಕೆಂದು ಸಕ್ಸೇನಾ ಸರ್ ತೀರ್ಮಾನಿಸಿದರು. ಕಚೇರಿಯ ಗುಮಾಸ್ತರು ಅತಿಥಿ ಉಪನ್ಯಾಸಕರ ಅರ್ಜಿ ತಂದು, ಇದರಲ್ಲಿ ವಿದ್ಯಾರ್ಹತೆಯ ಕಾಲಂ ಇದೆ, ಸ್ನಾತಕೋತ್ತರ ಪದವಿ ಇಲ್ಲದಿದ್ದರೆ ಮುಂದೆ ಕಳಿಸಲು ಬರುವುದಿಲ್ಲ ಎಂದರು. ಮಿಸ್ತ್ರಿ ಓದಿದ್ದು ನಾಲ್ಕನೆಯ ಕ್ಲಾಸು. ಸಕ್ಸೇನಾ ಸರ್ ಅರ್ಜಿಯನ್ನು ತೆಗೆದುಕೊಂಡು ಆ ಕಾಲಂನಲ್ಲಿ ತಮ್ಮ ಕೈಯಾರೆ, 'ಗೋಡೆ ಓದಬಲ್ಲರು' ಎಂದು ಬರೆದು ಸಹಿ ಹಾಕಿದರು. ಅರ್ಜಿ ಎರಡು ಸಲ ವಾಪಸು ಬಂತು. ಎರಡು ಸಲವೂ ಅದೇ ಮಾತು ಬರೆದು ಕಳಿಸಿದರು. ಮೂರನೆಯ ಸಲ ಮಂಜೂರಾಯಿತು.

ಆ ಮೊದಲ ಪಾಠಕ್ಕೆ ತರುಣ್ ಹೇಳದೆ ಕೇಳದೆ ಬಂದು ಹಿಂದೆ ನಿಂತಿದ್ದ. ಮುಗಿದ ಮೇಲೆ ನನ್ನನ್ನು ಮಾತಾಡಿಸದೆ ಮಿಸ್ತ್ರಿಯವರ ಜೊತೆ ಬಹಳ ಹೊತ್ತು ನಿಂತು ಮಾತಾಡಿದ. ಕೆಲವು ತಿಂಗಳ ನಂತರ ಅವನು ಆ ಗೋಡೆಯ ಮುಂದೆ ಒಂದು ಗುಂಪನ್ನು ನಿಲ್ಲಿಸಿಕೊಂಡಿದ್ದನ್ನು ನೋಡಿದೆ. ತೋಪಿನ ಮಾತಿಲ್ಲ. ಅತಿಥಿಗಳ ಕೈಗೆ ಒಂದು ಹಗ್ಗ ಕೊಟ್ಟು, ಗೋಡೆಯನ್ನು ಮುಟ್ಟದೆ ತೂತುಗಳ ಅಂತರವನ್ನು ದೂರದಿಂದಲೇ ಅಳೆಯಲು ಹೇಳಿ, ಹಾಗಾದರೆ ಇವು ಏನಿರಬಹುದು ಎಂದು ಕೇಳುತ್ತಿದ್ದ. ಆ ಅತಿಥಿಗಳ ಮುಖದಲ್ಲಿ, ಮೊದಲು ನನ್ನ ಕತೆ ಕೇಳಿದವರ ಮುಖದಲ್ಲಿ ಇದ್ದುದಕ್ಕಿಂತ ಹೆಚ್ಚಿನ ಬೆಳಕಿತ್ತು. ಬೆರಗಿನ ವಿಚಾರದಲ್ಲಿ ಅವನು ನನ್ನನ್ನು ಮತ್ತೆ ಮೀರಿಸಿದ್ದ.

ನನ್ನ ಕೊನೆಯ ವರ್ಷಗಳಲ್ಲಿ ಕೆಲಸದ ರೀತಿ ಇನ್ನೂ ಬದಲಾಯಿತು. ಮೊದಲು ಇಸವಿ, ಹೆಸರು, ಅಳತೆ ಎಲ್ಲ ಗೈಡ್ ಬಾಯಿಂದಲೇ ಬರಬೇಕಿತ್ತು. ಈಗ ನಾವು ಬಾಯಿ ತೆರೆಯುವ ಮುನ್ನ ಅತಿಥಿ ಫೋನಿನಲ್ಲಿ ಹುಡುಕಿ ಓದಿರುತ್ತಾನೆ. ನಾವು ತಪ್ಪಿದರೆ ಅಲ್ಲೇ ತೋರಿಸುತ್ತಾನೆ. ನನ್ನ ವಯಸ್ಸಿನ ಗೈಡ್‌ಗಳು ಇದರಿಂದ ಬಹಳ ನೊಂದರು. ಹೊಸ ಹುಡುಗ ಹುಡುಗಿಯರು ನೋಯಲಿಲ್ಲ. ಹಾಗಾದರೆ ಅದನ್ನು ನೀವೇ ಎಲ್ಲರಿಗೂ ಓದಿ ಹೇಳಿ ಎಂದು ಅತಿಥಿಯನ್ನೇ ಮುಂದೆ ತರುತ್ತಿದ್ದರು, ಆಮೇಲೆ ಫೋನಿನಲ್ಲಿ ಇಲ್ಲದ್ದನ್ನು ಗೋಡೆಯಲ್ಲಿ ತೋರಿಸುತ್ತಿದ್ದರು. ಗೊತ್ತಿಲ್ಲ ಎನ್ನಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಅವರು ಅದನ್ನು ಎಷ್ಟು ಹಗುರವಾಗಿ ಹೇಳುತ್ತಿದ್ದರೆಂದರೆ, ಕೇಳುತ್ತ ಕೂತ ನನಗೆ ಅಸೂಯೆಯಾಗುತ್ತಿತ್ತು.

ನಿವೃತ್ತಳಾದ ಮೇಲೆ ಒಂದು ಬೆಳಿಗ್ಗೆ ಶಬ್ನಮ್ ಫೋನ್ ಮಾಡಿದಳು. ಈಗ ಅವಳು ಹೆಸರು ಮಾಡಿದ ಗೈಡ್, ನಮ್ಮ ಕೇಂದ್ರದಲ್ಲೇ ಹೊಸಬರಿಗೆ ಪಾಠವನ್ನೂ ಹೇಳುತ್ತಾಳೆ. ತನ್ನ ಓಣಿಯ ಹೆಂಗಸರಿಗೆಂದೇ ಒಂದು ಸುತ್ತಾಟ ಇಟ್ಟುಕೊಂಡಿದ್ದೇನೆ, ಬರುತ್ತೀರಾ ಮೇಡಂ ಎಂದು ಕೇಳಿದಳು. ದೇಶದೇಶದವರಿಗೆ ಮೆಹ್ರೋಲಿ ತೋರಿಸಿದ್ದೇನೆ, ಪಕ್ಕದ ಮನೆಯವರಿಗೆ ತೋರಿಸಿಲ್ಲ ಎಂಬುದು ಅವಳ ಕೊರಗು.

ನಾನು ತಲುಪುವ ಹೊತ್ತಿಗೆ ಹದಿನೈದಿಪ್ಪತ್ತು ಹೆಂಗಸರು ಅಲ್ಲಿನ ಮೆಟ್ಟಿಲುಬಾವಿಯ ಹತ್ತಿರ ಸೇರಿದ್ದರು. ರಾಜೋಂ ಕಿ ಬಾವ್ಲಿ ಎಂದು ಅದರ ಹೆಸರು. ಲೋದಿಗಳ ಕಾಲದ್ದು, ಕಮಾನುಗಳ ಸಾಲಿನ ನಡುವೆ ಮೆಟ್ಟಿಲುಗಳು ನೀರಿನವರೆಗೆ ಇಳಿಯುತ್ತವೆ. ಶಬ್ನಮ್ ಮೇಲೆ ನಿಂತು, ಈ ಬಾವಿಯ ಬಗ್ಗೆ ನಿಮ್ಮ ನಿಮ್ಮ ಮನೆಗಳಲ್ಲಿ ಏನೇನು ಕೇಳಿದ್ದೀರಿ, ಮೊದಲು ಅದನ್ನು ಹೇಳಿ ಎಂದು ಅವರನ್ನೇ ಕೇಳಿದಳು. ಒಬ್ಬರು ಶುರು ಮಾಡಿದರು, ಇನ್ನೊಬ್ಬರು ಅದು ಹಾಗಲ್ಲ ಎಂದರು. ಸ್ವಲ್ಪ ಹೊತ್ತಿಗೆ ಗುಂಪು ತಾನಾಗಿ ಮೂರು ನಾಲ್ಕಾಗಿ ಒಡೆದು ಮೆಟ್ಟಿಲುಗಳ ಮೇಲೆ ಹರಡಿಕೊಂಡಿತು. ಶಬ್ನಮ್ ಮಾತು ನಿಲ್ಲಿಸಿ, ಅವರ ನಡುವೆ ಓಡಾಡುತ್ತ ಕೇಳಿಸಿಕೊಳ್ಳುತ್ತಿದ್ದಳು.

ನಾನು ಒಂದು ಕಡೆ ಒಬ್ಬಳೇ ನಿಂತಿದ್ದೆ. ಬೂದು ಶಾಲು ಹೊದ್ದ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದರು. ಮೂಗು, ಗಲ್ಲ, ಎಲ್ಲ ಶಬ್ನಮಳದೇ. ಅವಳ ತಾಯಿ ಎಂದು ತಕ್ಷಣ ಗೊತ್ತಾಯಿತು. ಅಷ್ಟು ವರ್ಷಗಳಲ್ಲಿ ನಾವಿಬ್ಬರು ಒಮ್ಮೆಯೂ ಭೇಟಿಯಾಗಿರಲಿಲ್ಲ. ಅವರು ನನ್ನ ಸೀರೆ ನೋಡಿ, ಯಾವ ಊರು ಬೆಹನ್‌ಜೀ ಎಂದು ಕೇಳಿದರು. ಕರ್ನಾಟಕ ಎಂದೆ. ಅಷ್ಟು ದೂರದಿಂದ ಬಂದು ಇಲ್ಲಿ ಮೂಲೆಯಲ್ಲಿ ನಿಂತರೆ ಹೇಗೆ ಎಂದು ನನ್ನ ಕೈ ಹಿಡಿದುಕೊಂಡರು.

"ಬನ್ನಿ, ನಾನು ತೋರಿಸ್ತೀನಿ. ರಾಜ್ ಅಂದ್ರೆ ಬಾದಶಾಹ ಅಂದ್ಕೋತಾರೆ ಎಲ್ಲರೂ. ಅಲ್ಲ ಬೆಹನ್‌ಜೀ. ನಮ್ಮ ಕಡೆ ರಾಜ್ ಅಂದ್ರೆ ಮಿಸ್ತ್ರಿ. ಇಲ್ಲಿ ನಮ್ಮವರು ವಾಸವಾಗಿದ್ದರು, ಅದಕ್ಕೇ ಈ ಹೆಸರು."

ಮೇಲಿನ ಮೆಟ್ಟಿಲಿನಿಂದ ಶಬ್ನಮ್ ನಮ್ಮನ್ನು ನೋಡಿದಳು. ಗಾಬರಿಯಾಗಿ, ನಾನು ಯಾರೆಂದು ಅಮ್ಮನಿಗೆ ಹೇಳಲು ಬಾಯಿ ತೆರೆದಳು. ಬೇಡ ಎಂದು ನಾನು ಕೈ ಸನ್ನೆ ಮಾಡಿದೆ. ಆ ತಾಯಿ ಆಗಲೇ ಒಂದು ಮೆಟ್ಟಿಲು ಕೆಳಗಿಳಿದು, ಇಲ್ಲಿ ಜಾರುತ್ತೆ, ಕಾಲು ಅಡ್ಡ ಇಟ್ಟು ಬನ್ನಿ ಎಂದು ಕಾದಿದ್ದರು. ನಾನು ಅವರು ಹೇಳಿದ ಹಾಗೆ ಕಾಲು ಅಡ್ಡ ಇಟ್ಟು, ಅವರು ಹೇಳುವುದನ್ನು ಕೇಳುತ್ತ, ಒಂದೊಂದೇ ಮೆಟ್ಟಿಲು ಇಳಿದೆ.